ಆಣೆಗೆ ಮೊದಲು ಮಾಯಬೇಕಾಗಿದ್ದ ಹುಣ್ಣು

ನನ್ನ ಬಾಯಿಯೊಳಗೆ ಇಣುಕಿದವರೆಲ್ಲ ಮೊದಲು ಕೇಳಿದ್ದು ಒಂದೇ ಪ್ರಶ್ನೆ: ಗುಟ್ಕಾ ಯಾವಾಗಿನಿಂದ? ನಾನು ಗುಟ್ಕಾ ತಿಂದವನಲ್ಲ. ಮದುವೆ ಮನೆಯಲ್ಲಿ ಎಲೆ ಅಡಿಕೆ ಕೊಟ್ಟರೂ ಅಡಿಕೆಯನ್ನು ಮೆಲ್ಲಗೆ ಕಿಸೆಗೆ ಇಳಿಸಿ ಬರೀ ಎಲೆ ಜಗಿಯುವ ಜಾತಿ ನನ್ನದು. ಅದೂ ಹಲ್ಲಿಗೆ ಏನಾದೀತೋ ಎಂಬ ಅಂಜಿಕೆಯಿಂದ. ಶಹಾಪುರದ ಹಲ್ಲಿನ ಡಾಕ್ಟರಿಗೆ ಇದನ್ನೆಲ್ಲ ವಿವರವಾಗಿ ಹೇಳಿದೆ. ಅವರು ಪುಟ್ಟ ಕನ್ನಡಿಯನ್ನು ನನ್ನ ಬಾಯಿಂದ ಹೊರಗೆಳೆದು ಒರೆಸುತ್ತ, "ಎಲ್ಲರೂ ಹಂಗೇ ಅಂತಾರ್ರಿ. ಬಿಟ್ಟುಬಿಡ್ರಿ, ವಾಸಿ ಆಗ್ತದ" ಅಂದರು. ತಿನ್ನದೇ ಇರುವುದನ್ನು ಬಿಡುವುದು ಹೇಗೆ ಅಂತ ಅವರು ಬರೆದುಕೊಡಲಿಲ್ಲ.

ಬಾಯಿಯ ಹುಣ್ಣಿಗೆ ಮಾನ ಕಳೆದುಕೊಂಡವನು ನಾನೊಬ್ಬನೇ ಇರಲಾರೆ. ಎಲ್ಲೋ ಇನ್ನೊಬ್ಬ ರೊಟ್ಟಿಯನ್ನು ನೀರಲ್ಲಿ ನೆನೆಸಿಕೊಂಡು ಕೂತಿದ್ದಾನು. ಅವನಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಬೀಗರು ಓದಿದರೂ ಅಡ್ಡಿಯಿಲ್ಲ.

ನಾನು ಪಶು ಆಸ್ಪತ್ರೆಯಲ್ಲಿ ಕಂಪೌಂಡರ್. ಕುರಿಯ ದವಡೆ ಬಿಡಿಸಿ ಔಷಧ ಹೊಯ್ಯುವುದು, ಸೂಜಿ ಚುಚ್ಚುವುದು, ಸತ್ತದ್ದು ಯಾಕೆ ಸತ್ತಿತು ಅಂತ ಡಾಕ್ಟರು ಹೊಟ್ಟೆ ಕೊಯ್ದು ನೋಡುವಾಗ ಹಿಡಿದು ನಿಲ್ಲುವುದು ನನ್ನ ಕೆಲಸ. ಹುಣ್ಣು ಶುರುವಾದ ವರ್ಷ ನನ್ನ ಮೊಣಕಾಲೂ ಬಾತುಕೊಂಡಿತು. ಕುಂಟುತ್ತ, ತೊದಲುತ್ತ ಆಸ್ಪತ್ರೆಗೆ ಬರುವ ನನ್ನನ್ನು ನೋಡಿ ಗೋಗಿ ಕಡೆಯ ಕುರಿಗಾರರು, "ಕಂಪೌಂಡರಗ ಕಾಲುಬಾಯಿ ಬ್ಯಾನಿ ಬಂದದಪೋ, ದನ ದೂರ ಕಟ್ಟ್ರಿ" ಅಂತ ನಗುತ್ತಿದ್ದರು. ನಾನೂ ನಗಲು ಹೋಗಿ, ತುಟಿಯ ಒಳಗಿನ ಹುಣ್ಣು ಹಲ್ಲಿಗೆ ತಾಗಿ, ಕಣ್ಣಲ್ಲಿ ನೀರು ತರಿಸಿಕೊಳ್ಳುತ್ತಿದ್ದೆ. ಅದನ್ನೂ ಅವರು ನಗು ಅಂತಲೇ ತಿಳಿದರು.

ಚಿಂತೆ ಮಾಡುವುದರಲ್ಲಿ ನನಗೆ ಹುಟ್ಟಿನಿಂದಲೇ ಕೈ ಕುದುರಿದೆ. ಹುಣ್ಣು ಒಂದಿದ್ದಾಗ ಕ್ಯಾನ್ಸರ್ ಅಂದುಕೊಂಡೆ. ಅದು ಮಾಯ್ದು ಇನ್ನೊಂದು ಕಡೆ ಎದ್ದಾಗ, ಕ್ಯಾನ್ಸರ್ ಮನೆ ಬದಲಿಸಿತು ಅಂದುಕೊಂಡೆ. ಬಿ ಕಾಂಪ್ಲೆಕ್ಸ್ ನುಂಗಿದೆ, ತುಪ್ಪ ಸವರಿದೆ, ಜೇನು ಹಚ್ಚಿದೆ. ಹುಣ್ಣುಗಳು ಅದನ್ನೆಲ್ಲ ತಿಂದು ಇನ್ನಷ್ಟು ದುಂಡಗಾದವು.

ಆಮೇಲೆ ಒಂದು ದಿನ ಅವು ಹೇಳಬಾರದ ಜಾಗದಲ್ಲೂ ಎದ್ದವು.

ನನ್ನ ಹೆಂಡತಿ ನಿಂಗಮ್ಮ ಕೊಡೇಕಲ್ಲಿನ ಈಚೆಯ ಹಳ್ಳಿಯವಳು, ಕುರಿಗಾರರ ಮನೆಯಲ್ಲಿ ಬೆಳೆದವಳು. ಹಿಂಡಿನಲ್ಲಿ ಯಾವ ಕುರಿ ಕಾಲು ಎಳೆಯುತ್ತಿದೆ ಅನ್ನುವುದನ್ನು ಧೂಳಿನ ಆಚೆಯಿಂದಲೇ ಹೇಳುವಂಥ ಕಣ್ಣು ಅವಳದು. ನಾನು ಬಚ್ಚಲಿಂದ ಹೊರಬರುವುದನ್ನು ನೋಡಿ, "ಕುದುರಿ ಇಳದವರಂಗ ಯಾಕ ನಡ್ಯಾಕತ್ತೀರಿ?" ಅಂದಳು. ಮುಚ್ಚಿಡಲು ಹೋಗಿ ಇನ್ನಷ್ಟು ಕೆಟ್ಟದಾಗಿ ನಡೆದೆ. ಕೊನೆಗೆ ಹೇಳಿದೆ. ಮರುದಿನ ನನ್ನ ತಾಟು, ಲೋಟ, ಟವೆಲು, ಸಾಬೂನು ಎಲ್ಲ ಬೇರೆಯಾಗಿ ಕಿಟಕಿಯ ಮೇಲೆ ಕೂತಿದ್ದವು. ಹಾಸಿಗೆ ಪಡಸಾಲೆಗೆ ಬಂದಿತ್ತು. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಸಾಬೂನಿಗೆ ಏನಂತ ಉತ್ತರ ಕೊಡುವುದು?

ಯಾದಗಿರಿಯಲ್ಲಿ ಚರ್ಮದ ಡಾಕ್ಟರಮ್ಮ ಒಬ್ಬರಿದ್ದಾರೆ, ಅಲ್ಲಿಗೆ ಹೋಗು ಅಂತ ನಮ್ಮ ಪಶು ಡಾಕ್ಟರು ಹೇಳಿದರು. ಹೋದೆ. ದವಾಖಾನೆಯ ಬೋರ್ಡು ನೋಡಿ ಕಾಲು ಹಿಂದಕ್ಕೆ ಬಂದವು. 'ಚರ್ಮ' ಅನ್ನುವುದನ್ನು ಸಣ್ಣಗೆ ಬರೆದು, 'ಗುಪ್ತರೋಗ' ಅನ್ನುವುದನ್ನು ಕೆಂಪು ಬಣ್ಣದಲ್ಲಿ, ರಸ್ತೆಯ ಆಚೆಯ ಚಹಾದಂಗಡಿಯವನೂ ಓದಬಹುದಾದಷ್ಟು ದಪ್ಪಗೆ ಬರೆಸಿದ್ದರು. ಗುಪ್ತವಾಗಿ ಉಳಿಯುವುದು ಏನೂ ಬೇಡ ಅಂತ ಪೇಂಟರನಿಗೆ ಹೇಳಿಯೇ ಬರೆಸಿದಂತಿತ್ತು. ಕರವಸ್ತ್ರದಿಂದ ಮುಖ ಒರೆಸಿಕೊಳ್ಳುವ ನೆಪದಲ್ಲಿ ಮುಖ ಮುಚ್ಚಿಕೊಂಡು ಬೆಂಚಿನ ತುದಿಗೆ ಕೂತೆ. ಪಕ್ಕದಲ್ಲಿದ್ದವನು ತಿರುಗಿದ.

"ಏನ್ ಮಾಮಾ, ನೀವೂ ಇಲ್ಲಿ?"

ಬಸಲಿಂಗ, ನಿಂಗಮ್ಮನ ಕಾಕನ ಮಗ. ಸೈದಾಪುರದ ಹತ್ತಿರ ಫ್ಯಾಕ್ಟರಿಯಲ್ಲಿ ಕೆಲಸ. ಕತ್ತಿನ ಹುಳುಕಡ್ಡಿ ತೋರಿಸಲು ಬಂದಿದ್ದನಂತೆ. ಅಂದರೆ ಅವನು ಬೋರ್ಡಿನ ಮೊದಲ ಅರ್ಧಕ್ಕೆ ಬಂದವನು. ನನ್ನನ್ನು ಎರಡನೇ ಅರ್ಧಕ್ಕೆ ಸೇರಿಸಲು ಅವನಿಗೆ ನನ್ನ ಕುಂಟು ನಡಿಗೆಯೇ ಸಾಕಾಯಿತು. ನಾನು ಶಹಾಪುರದ ಬಸ್ಸು ಇಳಿಯುವುದರೊಳಗೆ ಸುದ್ದಿ ಕೊಡೇಕಲ್ಲಿನ ದಾರಿ ಹಿಡಿದು ಮಾವನ ಮನೆ ಮುಟ್ಟಿ, ಅಲ್ಲಿಂದ ಫೋನಿನಲ್ಲಿ ತಿರುಗಿ ನಮ್ಮ ಮನೆಗೂ ಬಂದಿತ್ತು.

ಡಾಕ್ಟರಮ್ಮ ರಕ್ತ ತೆಗೆಸಿದ್ದರು. ವರದಿ ಬಂದಾಗ ಊರು ಅಂದುಕೊಂಡಿದ್ದ ಯಾವ ರೋಗವೂ ಅದರಲ್ಲಿರಲಿಲ್ಲ. ಕುಣಿಯಬೇಕೆನಿಸಿತು, ಆದರೆ ಮೊಣಕಾಲು ಬಿಡಲಿಲ್ಲ. ಅದಕ್ಕಿಂತ ಹೆಚ್ಚಾಗಿ, ರಕ್ತ ತೆಗೆದ ಜಾಗದಲ್ಲಿ ಕೀವು ತುಂಬಿದ ಗುಳ್ಳೆ ಎದ್ದಿತ್ತು. ಹೊಲಸು ಸೂಜಿ ಚುಚ್ಚಿದ್ದೀರಿ ಅಂತ ಜಗಳ ತೆಗೆಯಲು ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಡಾಕ್ಟರಮ್ಮ ಗುಳ್ಳೆಯನ್ನು ನೋಡಿ ಸಂತೋಷಪಟ್ಟರು. ರೋಗಿಯ ಮೈಮೇಲೆ ಕೀವು ಕಂಡು ಅಷ್ಟು ಸಂತೋಷಪಡುವವರನ್ನು ನಾನು ನೋಡಿರಲಿಲ್ಲ.

"ಮುಳ್ಳು ಚುಚ್ಚಿದ್ರೂ ಹಿಂಗ ಆಗ್ತದೇನ್ರಿ?" ಅಂತ ಕೇಳಿದರು.

"ಆಗ್ತದ್ರಿ. ಲಸಿಕಿ ಹಾಕುವಾಗ ಕೈಗಿ ಸೂಜಿ ತಾಗಿದ್ರೂ ಆಗ್ತದ."

ಅವರು ಬೇಕಂತಲೇ ಇನ್ನೊಂದು ತೋಳಿಗೆ ಹೊಸ ಸೂಜಿಯಿಂದ ಚುಚ್ಚಿ, "ನಾಡಿದ್ದು ಬರ್ರಿ, ಮನೆಯವರನ್ನೂ ಕರಕೊಂಡು ಬರ್ರಿ" ಅಂದರು.

ನಿಂಗಮ್ಮ ಬಂದಳು. ಆದರೆ ಆ ಬೋರ್ಡಿನ ಕೆಳಗೆ ಕೂರಲು ಒಪ್ಪಲಿಲ್ಲ. ಎದುರಿನ ಕಬ್ಬಿನ ಹಾಲಿನ ಗಾಡಿಯ ಬಳಿ, ನನಗೂ ತನಗೂ ಸಂಬಂಧವಿಲ್ಲದಂತೆ ಸೆರಗು ತಲೆಗೆಳೆದು ನಿಂತಳು. ಡಾಕ್ಟರಮ್ಮನೇ ನರ್ಸನ್ನು ಕಳಿಸಿ ಹಿಂದಿನ ಬಾಗಿಲಿಂದ ಕರೆಸಿದರು. ನನ್ನ ಎರಡನೇ ತೋಳಿನಲ್ಲೂ ಗುಳ್ಳೆ ಎದ್ದಿತ್ತು. ಅದನ್ನು ತೋರಿಸಿ ಡಾಕ್ಟರಮ್ಮ ಹೇಳಿದರು: ರೋಗಕ್ಕೆ ಬೆಹ್ಚೆಟ್ ಅಂತ ಹೆಸರು. ಅಂಟುವುದಲ್ಲ, ಎಲ್ಲಿಂದಲೂ ತಂದದ್ದಲ್ಲ. ಕಣ್ಣಿಗೂ ಬರಬಹುದು, ಆದ್ದರಿಂದ ಕಣ್ಣು ತೋರಿಸುತ್ತಿರಬೇಕು.

"ರೋಗದ ಜೋಡಿ ಗುದ್ದಾಡೋ ಕಣ ರಕ್ತದಾಗ ಇರ್ತಾವಲ್ಲವ್ವ, ಇವರಲ್ಲಿ ಅವು ಸುಮ್ ಕೂಡಂಗಿಲ್ಲ. ಜರಾ ಗೀರು ಬಿದ್ರೂ ಓಡಿ ಬಂದು ತಮ್ಮ ಮೈಗೇ ಬಾಯಿ ಹಾಕ್ತಾವ. ನಾ ಕೊಡೋ ಗುಳಿಗಿ ಅವನ್ನ ಕೊಲ್ಲಂಗಿಲ್ಲ. ಅಷ್ಟು ಜೋರು ಓಡದಂಗ ಕಾಲು ಹಿಡೀತದ. ದಿನಾ ತಗೋಬೇಕು, ಅಷ್ಟ."

ನಿಂಗಮ್ಮ ಫ್ಯಾನಿನ ಕಡೆ ನೋಡುತ್ತಿದ್ದಳು. ಕೇಳಿಸಿಕೊಳ್ಳುತ್ತಿದ್ದಾಳೆ ಅಂತ ನನಗೆ ಅನಿಸಲಿಲ್ಲ. ಎಲ್ಲ ಮುಗಿದ ಮೇಲೆ ಎದ್ದು ನಿಂತು, "ಡಾಕ್ಟರಮ್ಮ, ನೀವು ಇವರ ಬಾಯಿ ನೋಡೀರಿ, ಕೈ ನೋಡೀರಿ. ಇವರು ಎಲ್ಲೆಲ್ಲಿ ಹೋಗ್ಯಾರಂತ ನೋಡಿಲ್ಲಲ್ಲ?" ಅಂದಳು.

ನಾನು ಎಲ್ಲೆಲ್ಲಿ ಹೋಗಿದ್ದೆ? ಮನೆ, ಪಶು ಆಸ್ಪತ್ರೆ, ಲಸಿಕೆ ಹಾಕಲು ಕುರಿಹಟ್ಟಿ. ಪರಸ್ತ್ರೀಯ ಮಾತಿರಲಿ, ಪರ ಊರಿನ ನೀರು ಕುಡಿಯಲೂ ಅಂಜುವವನು ನಾನು. ನನ್ನ ಮೇಲೆ ಇಂಥ ಆರೋಪ ಹೊರಿಸಿದವರು ನನ್ನ ಧೈರ್ಯವನ್ನು ಬಹಳ ದೊಡ್ಡದಾಗಿ ತಿಳಿದಿದ್ದರು. ಬೇರೆ ಸಂದರ್ಭವಾಗಿದ್ದರೆ ಹೆಮ್ಮೆಪಡುತ್ತಿದ್ದೆನೇನೋ.

ಆ ವಾರವೇ ಮಾವ ಬಂದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಚಪ್ಪಲಿ ಕಳಚುವ ಮೊದಲೇ ಮಾತು ಶುರುಮಾಡಿದರು.

"ಅಳಿಯಾ, ನಿನ್ನ ಡಾಕ್ಟರಮ್ಮನ ಚೀಟಿ ನಮಗ ಓದಾಕ ಬರಂಗಿಲ್ಲ. ಗುಡಿಗಿ ಬಾ, ಭಂಡಾರ ಮುಟ್ಟಿ ಒಂದ್ ಮಾತ ಹೇಳು. ಮುಗೀತು."

ಭಂಡಾರ ಅಂದರೆ ದೇವರ ಮುಂದಿನ ಅರಿಶಿನ. ಅವರ ಊರಿನಲ್ಲಿ ಕಂಬಳಿ ಹಾಸಿ, ಅದರ ಮೇಲೆ ಭಂಡಾರ ಸುರಿದು, ಕೈಯಿಟ್ಟು ಆಣೆ ಮಾಡಿಸುತ್ತಾರೆ. ಖರೇ ಹೇಳಿದವನಿಗೆ ಏನೂ ಆಗದು. ಸುಳ್ಳು ಹೇಳಿದವನ ಪಾಪ ಬರುವ ಸುಗ್ಗಿಯಲ್ಲಿ ಜೋಳದ ರಾಶಿ ಮಾಡುವುದರೊಳಗೆ ಅವನ ಮೈಮೇಲೇ ಎದ್ದು ಕಾಣುತ್ತದೆ ಅನ್ನುವುದು ಅವರ ನಂಬಿಕೆ.

ಮೈಮೇಲೆ ಎದ್ದು ಕಾಣುತ್ತದೆ! ಬೇರೆ ಯಾವ ಗಂಡಸಾದರೂ ಎದೆ ತಟ್ಟಿಕೊಂಡು ಹೋಗಿ ಆಣೆ ಮಾಡಿ ಬರುತ್ತಿದ್ದ. ನಾನು ತಪ್ಪು ಮಾಡಿರಲಿಲ್ಲ, ದೇವರಿಗೆ ಅಂಜಬೇಕಾದ್ದೂ ಇರಲಿಲ್ಲ. ನಾನು ಅಂಜಿದ್ದು ನನ್ನ ಹುಣ್ಣಿಗೆ. ಅದು ಹೇಳದೆ ಕೇಳದೆ ಬರುವಂಥದ್ದು. ಆಣೆ ಮಾಡಿದ ಮರುದಿನವೇ ತುಟಿಯ ಮೇಲೆ ಎದ್ದರೆ ದೇವರೇ ತೀರ್ಪು ಕೊಟ್ಟಂತೆ. ಆಮೇಲೆ ಡಾಕ್ಟರಮ್ಮ ಅಲ್ಲ, ಅವರ ಗುರುಗಳು ಬಂದು ಹೇಳಿದರೂ ನಿಂಗಮ್ಮ ತವರಿನ ಬಸ್ಸು ಹತ್ತುತ್ತಾಳೆ, ಮತ್ತೆ ಬರುವುದಿಲ್ಲ. ಮಾವ ಅದನ್ನು ಬಾಯಿಬಿಟ್ಟು ಹೇಳಿಯೂ ಇದ್ದರು.

"ಬರೋ ಅಮಾಸಿ ಬ್ಯಾಡ, ಅದರ ಮುಂದಿನ ಅಮಾಸಿಗಿ ಬರ್ತೀನ್ರಿ ಮಾವ" ಅಂದೆ. ಅಷ್ಟರೊಳಗೆ ಗುಳಿಗೆ ಹಿಡಿಯಲಿ ಅಂತ ನನ್ನ ಲೆಕ್ಕಾಚಾರ.

ಮಾವ ಮಗಳ ಕಡೆ ತಿರುಗಿ, "ಅಂಜ್ಯಾನ ನೋಡವ್ವ" ಅಂದರು.

ಅಲ್ಲಿಗೆ ನನ್ನ ಮಾನ, ನನ್ನ ಸಂಸಾರ ಎಲ್ಲ ಆ ಬಿಳಿ ಗುಳಿಗೆಯ ಮೇಲೆ ನಿಂತವು. ಇಷ್ಟೊಂದು ಭಾರ ಹೊತ್ತ ವಸ್ತು ಯಾವುದರಿಂದ ಮಾಡಿದ್ದು ಅಂತ ನೋಡಿಬಿಡೋಣ ಅಂದುಕೊಂಡು ಆಸ್ಪತ್ರೆಯ ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ಹುಡುಕಿದೆ. ನೋಡಬಾರದಿತ್ತು. ಕಾಲ್ಚಿಸಿನ್ ಅನ್ನುವ ಆ ಔಷಧ ಬರುವ ಗಿಡಗಳಲ್ಲಿ ಒಂದರ ಚಿತ್ರ ಬಂತು. ಮಳೆ ಬಿದ್ದ ಮೇಲೆ ಬೇಲಿ ಸಾಲಿನಲ್ಲಿ ಏರುವ ಬಳ್ಳಿ, ಬೆಂಕಿ ಹತ್ತಿಕೊಂಡು ಮೇಲಕ್ಕೆ ನಾಲಿಗೆ ಚಾಚಿದಂಥ ಹೂ. ಪುಸ್ತಕದಲ್ಲಿ ಅಗ್ನಿಶಿಖೆ ಅನ್ನುತ್ತಾರೆ. ನಮ್ಮ ಕುರಿಗಾರರು ಹೆಸರು ಹೇಳಲೂ ಮನಸ್ಸಿಲ್ಲದೆ 'ಆ ಬಳ್ಳಿ' ಅಂತಷ್ಟೇ ಅನ್ನುತ್ತಾರೆ. ಅದರ ಗಡ್ಡೆ ಮೆದ್ದ ಆಡುಗಳನ್ನು ನಾನು ಕಂಡಿದ್ದೇನೆ. ಹೊಟ್ಟೆ ಕೊಯ್ದಾಗ ಒಳಗೆಲ್ಲ ಸುಟ್ಟಂತೆ ಕೆಂಪಗೆ. ಆ ಬಳ್ಳಿಯ ಹತ್ತಿರ ಆಡು ಬಿಡಬೇಡಿ ಅಂತ ಊರೂರು ತಿರುಗಿ ಹೇಳಿದವನು ನಾನೇ. ಈಗ ಬೆಳಿಗ್ಗೆ ಸಂಜೆ ಊಟ ಮಾಡಿ ಅದನ್ನೇ ನುಂಗುತ್ತಿದ್ದೆ.

ಮನೆಯಲ್ಲಿ ನಿಂಗಮ್ಮನಿಗೆ ಚಿತ್ರ ತೋರಿಸಿದೆ. ಹಲವು ವಾರಗಳಲ್ಲಿ ಅವಳು ಮೊದಲ ಸಲ ನನ್ನ ಮುಖ ನೋಡಿದಳು.

"ಇದಾ? ನಮ್ಮಪ್ಪನ ಹೋತ ತಿಂದು ಸತ್ತಿದ್ದು ಇದನ್ನ. ಆ ಡಾಕ್ಟರಮ್ಮಗ ನೀವು ಏನ್ ಮಾಡಿದ್ರಿ, ಕೊಲ್ಲಾಕ ನಿಂತಾಳ?"

ಮರುದಿನ ರಜೆ ಹಾಕಿ ಯಾದಗಿರಿಗೆ ಓಡಿದೆ. ಸರದಿಯಲ್ಲಿದ್ದವರೆಲ್ಲ ಬೈಯುತ್ತಿದ್ದರೂ ಒಳಗೆ ನುಗ್ಗಿ, "ಮೇಡಂ, ಇದು ಆಡು ಕೊಲ್ಲೋ ಗಡ್ಡಿ" ಅಂದೆ.

"ನಿಮ್ಮ ಆಡು ಡೋಸ್ ಕೇಳಿಕೊಂಡು ತಿಂದಿತ್ತೇನ್ರಿ?" ಅಂದರು ಅವರು, ಬರೆಯುತ್ತಿದ್ದ ಪೆನ್ನು ಎತ್ತದೆ. ಆಮೇಲೆ ತಲೆ ಎತ್ತಿ, ಮಾತು ಬಿಗಿ ಮಾಡಿದರು. "ಇದು ಅಳತಿ ಹಿಡದು ಮಾಡಿದ್ದು. ಜಲ್ದಿ ವಾಸಿ ಆಗ್ಲಿ ಅಂತ ಹೆಚ್ಚಿಗಿ ನುಂಗಿದ್ರ ಆಡಿನ ಗತಿನೇ. ಗಡ್ಡಿ ತಂದು ಅರದು ಕುಡಿಯೋ ಶಾಣ್ಯಾತನ ಮಾಡಬ್ಯಾಡ್ರಿ. ಬ್ಯಾರೆ ಡಾಕ್ಟರ್ ಹತ್ರ ಹೋದ್ರ ಈ ಗುಳಿಗಿ ತಗೋತೀನಿ ಅಂತ ಹೇಳ್ರಿ. ಹೊಟ್ಟಿ ಕೆಟ್ಟರ ನನಗ ಫೋನ್ ಮಾಡ್ರಿ. ನಿಮ್ಮಷ್ಟಕ್ಕ ನೀವ ಬಿಡಬ್ಯಾಡ್ರಿ."

ನುಂಗಿದೆ. ಪ್ರತಿ ಸಲ ಗುಳಿಗೆ ಗಂಟಲಲ್ಲಿ ಇಳಿಯುವಾಗ ಆ ಆಡುಗಳ ಮುಖ ಕಣ್ಣ ಮುಂದೆ ಬರುತ್ತಿತ್ತು. ನುಂಗಿದ ಮೇಲೆ ನಾಡಿ ಹಿಡಿದು ಕೂರುತ್ತಿದ್ದೆ. ಸಾಯಲಿಲ್ಲ. ಹೊಟ್ಟೆ ಸಡಿಲಾಯಿತು ಅಷ್ಟೇ. ಹಾಗೆಯೇ ಒಂದು ದಿನ ಬಿಸಿ ರೊಟ್ಟಿಗೆ ಪುಂಡಿಪಲ್ಯ ಹಚ್ಚಿಕೊಂಡು ತಿಂದು, ಮೇಲೆ ಒಂದು ಹಸಿಮೆಣಸಿನಕಾಯಿಯನ್ನೂ ಕಚ್ಚಿದ್ದೆ. ಉರಿ ಬಂತು, ಆದರೆ ಅದು ಮೆಣಸಿನಕಾಯಿಯ ಉರಿ. ಎಷ್ಟು ಕಾಲವಾಗಿತ್ತು, ಖಾರ ಬರೀ ಖಾರವಾಗಿ! ಸಂತೋಷಕ್ಕೆ ಅತ್ತೆ. ನಿಂಗಮ್ಮ ನೀರಿನ ಲೋಟ ತಂದು ದೂರದಿಂದಲೇ ನನ್ನ ಕಡೆ ಸರಿಸಿದಳು. ಲೋಟ ಕಿಟಕಿಯ ಮೇಲಿನದೇ.

ಅಮಾವಾಸ್ಯೆಗೆ ಹೋದೆವು. ಗುಡಿಯ ಮುಂದೆ ಕರಿ ಕಂಬಳಿ, ಮೇಲೆ ಹಳದಿ ರಾಶಿ, ಸುತ್ತ ನನ್ನ ಬೀಗರೆಲ್ಲ. ಬಸಲಿಂಗನೂ ರಜೆ ಹಾಕಿ ಬಂದಿದ್ದ, ಹುಳುಕಡ್ಡಿ ವಾಸಿಯಾಗಿತ್ತು. ನಾಲಿಗೆಯಿಂದ ಬಾಯಿಯ ಮೂಲೆ ಮೂಲೆ ತಡವಿ ನೋಡಿಕೊಂಡೆ. ಎಲ್ಲ ನುಣ್ಣಗಿತ್ತು. ಭಂಡಾರದಲ್ಲಿ ಕೈಯಿಟ್ಟೆ.

"ನನ್ನ ಹೆಂಡ್ತಿ ಬಿಟ್ಟು ಬ್ಯಾರೆ ಹೆಣ್ಣು ಮುಟ್ಟಿಲ್ಲ" ಅಂದೆ. ಧ್ವನಿ ಇಲಿಯದಾಯಿತು.

"ಕೇಳಿಸ್ಲಿಲ್ಲ ಮಾಮಾ" ಅಂದ ಬಸಲಿಂಗ.

ಇನ್ನೊಮ್ಮೆ ಹೇಳಿದೆ, ಊರಿನ ನಾಯಿಗಳೂ ಏಳುವಂತೆ. ಮಾವ ಹಣೆಗೆ ಭಂಡಾರ ಹಚ್ಚಿದರು. ಮಧ್ಯಾಹ್ನ ಮರಿ ಕೊಯ್ದು ಊಟ ಹಾಕಿದರು. ಮನೆಗೆ ಬಂದ ಮೇಲೆ ಕಿಟಕಿಯ ಮೇಲಿದ್ದ ತಾಟು ಲೋಟಗಳು ಒಳಗೆ ಹೋಗಿ ಉಳಿದ ಪಾತ್ರೆಗಳಲ್ಲಿ ಬೆರೆತವು. ಹಾಸಿಗೆ ಮಾತ್ರ ಪಡಸಾಲೆಯಲ್ಲೇ ಉಳಿಯಿತು. ರಾಶಿಯಾಗಲಿ ಅಂತ ಕಾಯುತ್ತಿದ್ದಾಳೆ ಅನ್ನುವುದು ನನಗೆ ಗೊತ್ತಿತ್ತು.

ಇಷ್ಟೆಲ್ಲ ಆದ ಮೇಲೆ ಬುದ್ಧಿ ಇದ್ದವನು ಏನು ಮಾಡಬೇಕಿತ್ತು? ಗುಳಿಗೆಯನ್ನು ತಾಳಿಯಂತೆ ಕಾಪಾಡಿಕೊಳ್ಳಬೇಕಿತ್ತು. ಆದರೆ ಕುರಿಗಳಿಗೆ ಲಸಿಕೆ ಹಾಕುವ ಹಂಗಾಮು ಬಂತು. ಬಯಲಿನ ಕುರಿಹಟ್ಟಿ, ಮರೆಗೆ ಒಂದು ಗಿಡವಿಲ್ಲ, ನನ್ನ ಹೊಟ್ಟೆಯೋ ಯಾವಾಗ ಕೂಗುತ್ತದೋ ತಿಳಿಯದು. ಕುರಿಯೊಂದನ್ನು ಕಾಲಿನ ಸಂದಿಯಲ್ಲಿ ಒತ್ತಿ ಹಿಡಿದಿರುವಾಗಲೇ ಬಿಟ್ಟು ಓಡಿದ್ದೂ ಆಯಿತು. ಒಂದು ದಿನ ಬಿಟ್ಟು ಒಂದು ದಿನ ನುಂಗಿದೆ. ಆಮೇಲೆ, ಹುಣ್ಣಂತೂ ಇಲ್ಲವಲ್ಲ, ವಿಷವನ್ನು ಯಾಕೆ ಒಳಗೆ ಕೂಡಿಹಾಕುವುದು ಅಂದುಕೊಂಡು ಪೂರ್ತಿ ಬಿಟ್ಟೆ. ಫೋನು ಮಾಡಿದರೆ ಡಾಕ್ಟರಮ್ಮ ಬೈದಾರು ಅಂತ ಅದನ್ನೂ ಮಾಡಲಿಲ್ಲ. ಎಲ್ಲಕ್ಕೂ ಚಿಂತೆ ಮಾಡುವ ನಾನು ಚಿಂತೆ ಮಾಡಬೇಕಾದ ಒಂದೇ ಒಂದು ವಿಷಯಕ್ಕೆ ಮಾಡಲಿಲ್ಲ.

ಜೋಳ ಇನ್ನೂ ತೆನೆ ಕಟ್ಟುತ್ತಿತ್ತು, ಹುಣ್ಣು ಎದ್ದವು. ನಾಲಿಗೆಯ ಕೆಳಗೆ, ಕೆನ್ನೆಯ ಒಳಗೆ. ಮುಚ್ಚಿಟ್ಟೆ. ಕಡಿಮೆ ಮಾತಾಡಿದೆ, ನಗುವಾಗ ತುಟಿ ಬಿಚ್ಚಲಿಲ್ಲ. ಗುಳಿಗೆ ಮತ್ತೆ ಶುರುಮಾಡಿದರೂ ಹಿಡಿಯುವುದರೊಳಗೆ ಸಿಕ್ಕಿಬೀಳುತ್ತೇನೆ ಅಂತ ಲೆಕ್ಕ ಹಾಕುತ್ತ ಕೂತೆನೇ ಹೊರತು, ಶುರುಮಾಡಲಿಲ್ಲ.

ಅಂಥ ಹೊತ್ತಿನಲ್ಲೇ ಮಾವ ಕಾಲು ನೊಂದ ಟಗರೊಂದನ್ನು ನಮ್ಮ ಆಸ್ಪತ್ರೆಗೆ ತಂದರು. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದರು. ನಿಂಗಮ್ಮ ಸಜ್ಜೆ ರೊಟ್ಟಿ, ಖಾರದ ಶೇಂಗಾ ಹಿಂಡಿ, ಬದನೆಕಾಯಿ ಪಲ್ಯ ಬಡಿಸಿದಳು. ನಾನು ರೊಟ್ಟಿಯನ್ನು ಹಾಲಿನಲ್ಲಿ ಅದ್ದಿದೆ.

"ಏನೋ ಅಳಿಯಾ, ಹಲ್ಲಿಲ್ಲದ ನಾ ಹಿಂಡಿ ತಿನ್ನಾಕತ್ತೀನಿ, ನೀ ಹಸುಗೂಸಿನಂಗ ಹಾಲು ಕುಡ್ಯಾಕತ್ತಿ?"

"ಅಜೀರ್ಣ ಆಗ್ಯದ್ರಿ ಮಾವ."

ನಿಂಗಮ್ಮ ಬಡಿಸುವ ಕೈ ನಿಲ್ಲಿಸಿದಳು.

"ಬಾಯಿ ತೆಗೀರಿ."

"ಊಟದ ನಡಕ ಏನದು…"

"ತೆಗೀರಿ ಅಂದೆ."

ಗದ್ದ ಹಿಡಿದು ಬಾಗಿಲಿನ ಬೆಳಕಿಗೆ ತಿರುಗಿಸಿದಳು. ಮಾವನೂ ಎದ್ದು ಬಂದರು. ಸಂತೆಯಲ್ಲಿ ವಯಸ್ಸು ನೋಡಿಸಿಕೊಳ್ಳುವ ಕುರಿಯಂತೆ ಇಬ್ಬರ ಮುಂದೆ ಬಾಯಿ ತೆರೆದು ಕೂತೆ. ಮಾವ ನೋಡಿದರು. ಕೈ ತೊಳೆದುಕೊಂಡರು. ಕೋಲು ತೆಗೆದುಕೊಂಡರು.

"ಭಂಡಾರ ಮುಟ್ಟಿದವನ ಮೈಮ್ಯಾಲ ಎದ್ದದ ನೋಡವ್ವ. ಇನ್ನ ರಾಶಿನೂ ಆಗಿಲ್ಲ. ಸೀರಿ ಗಂಟು ಕಟ್ಟು, ನಡಿ."

ನಾನು ಏನಾದರೂ ಹೇಳಬೇಕಿತ್ತು. ಬಾಯಿ ಇನ್ನೂ ತೆರೆದೇ ಇತ್ತು. ನಿಂಗಮ್ಮ ಅಪ್ಪನ ಕಡೆ ನೋಡಲಿಲ್ಲ. ನನ್ನ ಗದ್ದವನ್ನೂ ಬಿಟ್ಟಿರಲಿಲ್ಲ.

"ಗುಳಿಗಿ ನುಂಗಾಕತ್ತೀರೋ ಇಲ್ಲೋ?"

"ಅದು… ಹೊಟ್ಟಿ ಕೆಡ್ತದಂತ…"

"ಬಿಟ್ಟೀರಿ."

"ಹಂ."

ಅವಳು ಗದ್ದ ಬಿಟ್ಟ ರಭಸಕ್ಕೆ ನನ್ನ ಹಲ್ಲು ಹುಣ್ಣಿಗೆ ತಾಗಿ ನಕ್ಷತ್ರ ಕಂಡವು. ಅಪ್ಪನ ಕಡೆ ತಿರುಗಿದಳು.

"ಅಪ್ಪಾ, ನಮ್ಮ ಹಟ್ಟ್ಯಾಗ ಕರೀ ನಾಯಿ ಇತ್ತಲ್ಲ, ನಮ್ಮ ಮರಿಗಳನ್ನೇ ಕಡೀತಿತ್ತು. ಏನ್ ಮಾಡಿದ್ದಿ?"

"ಕೊರಳಿಗಿ ಕಟ್ಟಿಗಿ ತುಂಡು ಕಟ್ಟಿದ್ದೆ. ಓಡಾಕ ಹೋದ್ರ ಕಾಲಿಗಿ ಬಡೀತಿತ್ತು. ಯಾಕ?"

"ತುಂಡು ಬಿಚ್ಚಿದ ದಿನ ಮತ್ತ ಮರಿ ಕಡೀತು. ಆವತ್ತ ದೇವರ ಶಾಪ ಅಂದ್ಯೇನು?"

ಮಾವ ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು.

"ಈ ಮನಶ್ಯಾನ ರಕ್ತದಾಗ ಅಂಥವ ನಾಯಿ ಅದಾವ. ಡಾಕ್ಟರಮ್ಮ ಹೇಳ್ಯಾಳ, ನಾ ಕೇಳೀನಿ. ಗುಳಿಗಿ ಅಂದ್ರ ಆ ಕಟ್ಟಿಗಿ ತುಂಡು. ಇವರು ತಾವ ಬಿಚ್ಚಿ ಒಗದು ಕುಂತಾರ."

"ಮತ್ತ ಆಣಿ?"

"ಆಣಿ ಖರೇನ ಅದ. ಬುದ್ಧಿ ಇಲ್ಲ ಅಷ್ಟ. ಕೂಡು, ಉಣ್ಣು."

ಮಾವ ಕೋಲನ್ನು ಗೋಡೆಗೆ ಆನಿಸಿ ಕೂತು, ತಣ್ಣಗಾದ ಪಲ್ಯವನ್ನು ಬದಲಿಸಿ ಕೊಡು ಅಂದರು. ನಿಂಗಮ್ಮ ನನಗೆ ಗುಳಿಗೆ ತಂದುಕೊಟ್ಟಳು. ಯಾವ ಪ್ರಾಣಿಗೂ ನಾನು ಅಷ್ಟು ಒರಟಾಗಿ ಔಷಧ ಕುಡಿಸಿಲ್ಲ. ನುಂಗಿದ ಮೇಲೆ "ನಾಲಿಗಿ ಎತ್ರಿ" ಅಂದಳು. ಎತ್ತಿದೆ. ಅವಳೇ ಡಾಕ್ಟರಮ್ಮನಿಗೆ ಫೋನು ಹಚ್ಚಿ, ನಾನು ಮುಚ್ಚಿಟ್ಟಿದ್ದನ್ನೆಲ್ಲ ನನ್ನೆದುರೇ ಹೇಳಿದಳು. ಹೊಟ್ಟೆಗೆ ಒಗ್ಗುವಂತೆ ಗುಳಿಗೆಯ ಹೊತ್ತು ಮತ್ತು ಪ್ರಮಾಣ ಬದಲಾದವು. ಬೈಗುಳಗಳೂ ಸಾಕಷ್ಟು ಬಂದವು, ಫೋನಿನ ಆ ಕಡೆಯಿಂದಲೂ ಈ ಕಡೆಯಿಂದಲೂ.

ಈಗಲೂ ಅಪರೂಪಕ್ಕೊಂದು ಹುಣ್ಣು ಏಳುತ್ತದೆ. ಕಣ್ಣು ತೋರಿಸಲು ಹೋದಾಗಲೆಲ್ಲ ಕುರುಡನಾದೆ ಅಂದುಕೊಂಡೇ ಒಳಗೆ ಹೋಗುತ್ತೇನೆ, ಇಲ್ಲಿಯವರೆಗೆ ಆಗಿಲ್ಲ. ಹಾಸಿಗೆ ಪಡಸಾಲೆಯಿಂದ ಒಳಗೆ ಹೋಗಿದೆ. ಗುಳಿಗೆ ಡಬ್ಬಿ ನಿಂಗಮ್ಮನ ಬಳಿಯೇ ಇರುತ್ತದೆ, ನಾನು ದಿನವೂ ನಾಲಿಗೆ ಎತ್ತುತ್ತೇನೆ. ಮಾವ ಫೋನು ಮಾಡಿದಾಗ ಅಳಿಯ ಹೇಗಿದ್ದಾನೆ ಅಂತ ಕೇಳುವ ಪದ್ಧತಿ ಮೊದಲಿನಿಂದಲೂ ಇಲ್ಲ. ಮಗಳಿಗೆ ಕೇಳುವುದು ಇಷ್ಟೇ: "ನುಂಗ್ಯಾನೇನವ್ವ?"